ರಜೆಯ ಪ್ರಯಾಣವೂ ಮುಷ್ಕರವೂ

ಬೇಸಗೆಯ ರಜೆಯಲ್ಲಿ ವಿಮಾನವೇರಿ ಮಕ್ಕಳ ಮನೆಗೆ ಹೊರಡುವವರು ನಮ್ಮ ಗಾದಿಗನೂರಿನಂಥ ಊರುಗಳಲ್ಲಿಯೂ ಈಗ ಉಂಟು. ಟಿಕೆಟು ಕೊಳ್ಳುವ ಮುನ್ನ ತಾವು ಎರಡು ಮೇ ತಿಂಗಳುಗಳನ್ನು ನೆನೆಯಬೇಕು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಮುಂದಾಳುತನದ ರೈಲ್ವೆ ಮುಷ್ಕರವು 1974ರ ಮೇ 8ರಿಂದ 27ರವರೆಗೆ ನಡೆಯಿತು. ಆದರೆ ಅದರ ನೋಟೀಸು ಏಪ್ರಿಲ್ 23ರಂದೇ ಹೊರಟಿತ್ತು. ಪತ್ರಿಕೆ ಓದುವವನಿಗೆ ಹದಿನೈದು ದಿನಗಳ ಎಚ್ಚರಿಕೆ ದೊರೆತಿತ್ತು. 2024ರ ಮೇ 7ರ ರಾತ್ರಿ ಹಾಗಾಗಲಿಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ನೂರಕ್ಕೂ ಮಿಕ್ಕ ಸಿಬ್ಬಂದಿ ಮೈಯಲ್ಲಿ ಹುಷಾರಿಲ್ಲವೆಂದು ಒಮ್ಮೆಗೇ ರಜೆ ಹಾಕಿದರು. ಪರೀಕ್ಷೆಯ ದಿನ ನಮ್ಮ ಹುಡುಗರು ಹೂಡುವ ಉಪಾಯವೇ ಸರಿ! ಅವರ ಅಹವಾಲುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. 9ರಂದು ರಾಜಿಯಾದರೂ ಸಂಚಾರ ಸರಿಹೋಗಲು ಇನ್ನೂ ಕೆಲವು ದಿನಗಳು ಹಿಡಿದವು.

ಆದುದರಿಂದ ದಿಲ್ಲಿಯಲ್ಲಿ ಮೊಮ್ಮಗುವಿನ ನಾಮಕರಣ 15ಕ್ಕಿದ್ದರೆ 14ರ ವಿಮಾನವನ್ನು ನೆಚ್ಚಬೇಡಿ. 11ಕ್ಕೇ ಹೊರಡಿ, ಮಾರನೆಯ ದಿನದ ರೈಲಿನಲ್ಲಿಯೂ ಸ್ಥಳ ಕಾದಿರಿಸಿ. ವಿಮಾನ ರದ್ದಾದರೆ ಕಂಪನಿಯವರು ಟಿಕೆಟಿನ ಹಣವನ್ನೋ ಬದಲಿ ವಿಮಾನವನ್ನೋ ಕೊಡಲೇಬೇಕು. ಮುಷ್ಕರವನ್ನು ನಿಯಮವು ಅಸಾಧಾರಣ ಸಂದರ್ಭವೆಂದು ಎಣಿಸುವುದರಿಂದ ಅದರ ಮೇಲೆ ಪರಿಹಾರವೆಂದು ಕಾಸೂ ಹುಟ್ಟದು. ರೈಲು ಬೇಡವಾದರೆ ಟಿಕೆಟು ಹಿಂದಿರುಗಿಸಿ; ಸ್ವಲ್ಪ ಹಣ ಮುರಿದುಕೊಂಡಾರು, ಅಷ್ಟೆ.