ಬಿಸಿಲಿನ ಬೆಲೆ ಕಟ್ಟುವವರು ಯಾರು?



ನಮ್ಮ ಹೋಬಳಿಗೂ ಈಗ ಸೋಲಾರ್ ದಲ್ಲಾಳಿಗಳು ಕಾಲಿಟ್ಟಿದ್ದಾರೆ. ನನ್ನ ನಾಲ್ಕೆಕರೆ ಹೊಲಕ್ಕೂ ಬಂದು, "ಯಜಮಾನ್ರೇ, ಉಳೋದು ಬಿತ್ತೋದು ಯಾಕೆ? ಗುತ್ತಿಗೆ ಕೊಟ್ಟು ವರ್ಷಾವರ್ಷ ದುಡ್ಡು ಎಣಿಸಿಕೊಳ್ಳಿ" ಅಂದರು. ಹೂಂ ಅನ್ನುವ ಮೊದಲು ಪಾವಗಡದ ಲೆಕ್ಕ ನೋಡೋಣ.

ಪಾವಗಡ ಬರಗಾಲಕ್ಕೆ ಹೆಸರಾದ ತಾಲ್ಲೂಕು. ಕಡಲೆಕಾಯಿ ಬಿತ್ತಿ, ಬೀಜದ ದುಡ್ಡೂ ಹುಟ್ಟದೆ ಕೈ ಸುಟ್ಟುಕೊಂಡವರು ಬಹಳ. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಸರ್ಕಾರಿ ಕಂಪನಿ ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಹಿಡಿಯಿತು. 2018ರಲ್ಲಿ ಉದ್ಘಾಟನೆಯೂ ಆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಇದು ಒಳ್ಳೆಯದೇ, ಸುಳ್ಳು ಹೇಳಬಾರದು. ಮಳೆ ಬರಲಿ ಬಿಡಲಿ ದುಡ್ಡು ಬರುತ್ತದೆ. ಆ ಬೆಂಗಾಡಿನಲ್ಲಿ ಎಕರೆಗೆ ಅಷ್ಟು ಉಳಿಸಿಕೊಡುವ ಬೆಳೆ ಯಾವುದಿತ್ತು?

ಈಗ ಬಾಡಿಗೆ ಏರುವ ಬಗೆ ನೋಡಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು. ನಾನು ಹೈಸ್ಕೂಲು ಓದಿದವನು, ಆದರೂ ಚಕ್ರಬಡ್ಡಿ ಲೆಕ್ಕ ಚೆನ್ನಾಗಿ ಬರುತ್ತದೆ, ಸಾಲ ಕೊಟ್ಟವರೇ ಕಲಿಸಿದ್ದಾರೆ. 28ನೇ ವರ್ಷಕ್ಕೆ ಆ ಬಾಡಿಗೆ ಸುಮಾರು 39,600 ಆಗುತ್ತದೆ. ಸಂಸಾರದ ಖರ್ಚು ಪ್ರತಿ ವರ್ಷವೂ ನೂರಕ್ಕೆ ಐದರಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ಬಂದ ಸಾಮಾನಿಗೆ ಆಗ 78,000 ತೆರಬೇಕು. ಅಲ್ಲಿಗೆ ಅರ್ಧ ಗಂಟು ಕರಗಿತು. ರಾಗಿಗೆ, ಕಡಲೆಕಾಯಿಗೆ ಬೆಲೆ ಕಟ್ಟುವ ಹಕ್ಕು ನಮಗಿಲ್ಲವೆಂದು ಇಷ್ಟು ವರ್ಷ ಬೀದಿಗಿಳಿದೆವು. ಈಗ 28 ವರ್ಷದ ಬೆಲೆಯನ್ನು ಒಂದೇ ದಿನ, ಒಂದೇ ರುಜುವಿನಲ್ಲಿ ಅವರೇ ಕಟ್ಟಿಬಿಡುತ್ತಾರೆ!

ಇಪ್ಪತ್ತೆಕರೆಯವನು ಹೇಗೋ ನಿಭಾಯಿಸುತ್ತಾನೆ. ಎರಡೆಕರೆಯವನಿಗೆ ವರ್ಷಕ್ಕೆಲ್ಲ ಸೇರಿ 42,000. ಇನ್ನು ಭೂಮಿಯೇ ಇಲ್ಲದ ಕೂಲಿಯವರು, ಕುರಿ ಕಾಯುವವರು? ಅವರಿಗೆ ಬಾಡಿಗೆಯಿಲ್ಲ, ಕಳೆ ಕೀಳುವ ಕೂಲಿಯೂ ಇಲ್ಲ, ಮೇವೂ ಇಲ್ಲ. ನಮ್ಮ ಹೊಲದಲ್ಲಿ ದುಡಿದವರು ಅವರು. ಈ ಮಾತನ್ನು ನಾವೇ ಎತ್ತಬೇಕು.

ಪಂಪಿಗೆ ಹಾಕಿಕೊಳ್ಳುವ ಸೋಲಾರ್ ವಿಷಯ ಬೇರೆ. ಅಲ್ಲಿ ಯಜಮಾನ ನೀವೇ. ಹಗಲಲ್ಲೇ ನೀರು ಹಾಯಿಸಬಹುದು, ನಡುರಾತ್ರಿ ಹಾವು ಚೇಳಿನ ನಡುವೆ ಕರೆಂಟು ಕಾಯಬೇಕಿಲ್ಲ. ಆದರೆ ಬೋರಿನಲ್ಲಿ ನೀರೇ ಇಲ್ಲದಿದ್ದರೆ ಬಿಸಿಲೇನು ಮಾಡೀತು?

ದಲ್ಲಾಳಿಗೆ ನಾನು ಕೇಳಿದ್ದಿಷ್ಟೆ. ಬಾಡಿಗೆ ಪ್ರತಿ ವರ್ಷ ಎಷ್ಟು ಏರುತ್ತದೆ? ಕಂಪನಿ ಕೈ ಬದಲಾದರೆ ದುಡ್ಡು ಕೊಡುವವರು ಯಾರು? ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು, ಹೊಲವನ್ನು ಉಳುವ ಹಾಗೆ ಮಾಡಿಕೊಡುವ ಖರ್ಚು ಯಾರದು? ಇದನ್ನೆಲ್ಲ ಕನ್ನಡದಲ್ಲಿ ಬರೆದು ತನ್ನಿ ಅಂದೆ. ಹೋದವರು ಇನ್ನೂ ಬಂದಿಲ್ಲ. ಬಂದರೆ ಆ ಕಾಗದವನ್ನು ಮುಂದಿನ ಸಭೆಗೆ ತರುತ್ತೇನೆ.