ಮನೆತನದ ಓಲೆಕಟ್ಟು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ವಸ್ತುಗಳು ಹಲವಿವೆ. ತಾಮ್ರದ ಕೊಪ್ಪರಿಗೆಯಿದೆ, ಹಿತ್ತಾಳೆಯ ಕಾಲುದೀಪವಿದೆ, ಅಜ್ಜಿಯ ಬೆಂಡೋಲೆಯಿದೆ. ಪಾಲಾಗುವ ದಿನ ತಾಮ್ರ ಹಿತ್ತಾಳೆಗಳು ತಕ್ಕಡಿಗೇರುತ್ತವೆ. ಬಂಗಾರ ಒರೆಗಲ್ಲಿಗೆ ಹೋಗುತ್ತದೆ. ಯಾವ ತಕ್ಕಡಿಗೂ ಒಗ್ಗದ ಸ್ವತ್ತೊಂದು ಮಾತ್ರ ಅಟ್ಟದ ಮೂಲೆಯಲ್ಲಿ ಉಳಿದುಬಿಡುತ್ತದೆ. ಅದು ತಾಳೆಯ ಓಲೆಕಟ್ಟು. ಅದರ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ.

ಗರಿಗಳನ್ನು ಬೇಯಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ ಒರಸಿದಾಗಲೇ ಬರಹವು ಕಣ್ಣಿಗೆ ಕಾಣುವುದು. ಇಷ್ಟು ಶ್ರಮಪಟ್ಟರೂ ಗರಿ ಶಾಶ್ವತವಲ್ಲ. ನಮ್ಮ ಮಳೆಗಾಲದ ತೇವ ಮತ್ತು ಹುಳುಗಳು ಅದನ್ನು ತಿನ್ನುತ್ತವೆ. ಜೀರ್ಣವಾಗುವ ಮುನ್ನ ಮುಂದಿನ ತಲೆಮಾರಿನವರು ಹೊಸ ಗರಿಗೆ ಪ್ರತಿಮಾಡಬೇಕಾಗಿತ್ತು. ಆದುದರಿಂದ ಓಲೆಕಟ್ಟನ್ನು ಪಡೆದವನು ಸ್ವತ್ತಿನೊಡನೆ ಹೊಣೆಯನ್ನೂ ಪಡೆಯುತ್ತಿದ್ದನು. ಕುಂಬಳೆಯ ಪಾರ್ತಿಸುಬ್ಬನವೆಂದು ನಾವು ಹಾಡಿಕೊಳ್ಳುವ ರಾಮಾಯಣದ ಪ್ರಸಂಗಗಳು ಅಚ್ಚಿನಮನೆಯನ್ನು ಕಾಣುವ ಮೊದಲು ಇಂತಹ ಪ್ರತಿಕಾರರ ಕೈಬರಹದಲ್ಲಿಯೂ ಭಾಗವತರ ಕಂಠದಲ್ಲಿಯೂ ಬದುಕಿ ಬಂದುವು.

1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಗೆರೆ ನಕ್ಷೆಯ ಮೇಲೆ ಬಿದ್ದಿತು. ಆದರೆ ಮನೆಯ ಮಗು ಕನ್ನಡದ ಅಕ್ಷರಗಳನ್ನು ಕಲಿಯದೆ ಬೆಳೆದರೆ ಅಜ್ಜನಿಗೂ ಮೊಮ್ಮಗನಿಗೂ ನಡುವೆ ಇನ್ನೊಂದು ಗೆರೆ ಬೀಳುತ್ತದೆ. ಕೊಪ್ಪರಿಗೆಯಲ್ಲಿ ಪಾಯಸ ಕಾಯಿಸಲು ಯಾವ ನುಡಿಯಾದರೂ ಸಾಕು. ಓಲೆಗೆ ಅದರ ನುಡಿಯೇ ಬೇಕು. ನವರಾತ್ರಿಯಲ್ಲಿ ಗ್ರಂಥಗಳಿಗೆ ಅರಸಿನ ಕುಂಕುಮವೇರಿಸಿ ಕೈಮುಗಿಯುತ್ತೇವೆ. ಒಳ್ಳೆಯದೇ. ಆದರೆ ಬರೆದಾತನು ಕಣ್ಣು ಸೋಲಿಸಿಕೊಂಡು ಬರೆದುದು ಓದುವವರಿಗಾಗಿ. ಮಲಯಾಳವನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ; ಅವುಗಳೊಡನೆ ಮನೆಯ ಅಕ್ಷರವೂ ಇರಲಿ.

ಇಂದು ನಾವು ಮಾಡಬಹುದಾದುದು ಇಷ್ಟು. ಅಟ್ಟದ ಕಟ್ಟನ್ನು ಇಳಿಸಿ ಒಣಬಟ್ಟೆಯಿಂದ ಮೆಲ್ಲನೆ ಧೂಳು ತೆಗೆಯಿರಿ, ನೀರು ಸೋಕಿಸಬೇಡಿ. ಕೊನೆಯ ಗರಿಯನ್ನು ನೋಡಿರಿ. ಪ್ರತಿಕಾರನ ಹೆಸರು, ಸಂವತ್ಸರ, ಮಾಸ, ತಿಥಿಗಳು ಹಲವು ಕಟ್ಟುಗಳಲ್ಲಿ ಅಲ್ಲಿಯೇ ದೊರೆಯುತ್ತವೆ. ಆದರೆ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರಳುತ್ತದೆ. ವಿಭವ ಎಂದಷ್ಟೇ ಇದ್ದರೆ ಅದು 1868ರದೋ 1928ರದೋ ಎಂಬುದನ್ನು ಗರಿಯು ಹೇಳದು. ಬರೆದವನು ತನ್ನ ಮುತ್ತಜ್ಜನೋ ಸೋದರಮಾವನೋ ಎಂದು ಬಲ್ಲ ಮನೆಯ ಅಜ್ಜಿ ಹೇಳಬಲ್ಲಳು. ಅವಳಿರುವಾಗಲೇ ಕೇಳಿ, ಒಂದು ಕಾಗದದಲ್ಲಿ ಬರೆದು, ಕಟ್ಟಿನೊಡನೆ ಇರಿಸಿರಿ. ಅವಳು ಹೋದ ಮೇಲೆ ಕಟ್ಟು ಉಳಿದರೂ ಅದರ ವಂಶ ಅಳಿಯುತ್ತದೆ.

ಪ್ರತಿಯೊಂದು ಮನೆಯಲ್ಲಿಯೂ ಅಂತಹ ಒಂದು ಕಾಗದ ಈ ವರ್ಷವೇ ಸಿದ್ಧವಾಗಲಿ, ಅದನ್ನು ಬರೆಯುವ ಕೈ ಮನೆಯ ಕಿರಿಯ ಮಗುವಿನದಾಗಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.