ಆಕಾಶವನ್ನು ಕಂಪ್ಯೂಟರ್‌ನಲ್ಲಿ ಕಟ್ಟೋದು ಹೇಗೆ?

ನಿಮ್ಮ ಹತ್ರ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ಯಾ? ಸಂಜೆ ಸೂರ್ಯ ಇಳಿಯೋ ಹೊತ್ತಿಗೆ ಅದರ ಮೂಲಕ ನೆತ್ತಿ ಮೇಲಿನ ನೀಲಿ ಆಕಾಶ ನೋಡಿ. ಗ್ಲಾಸನ್ನ ನಿಧಾನಕ್ಕೆ ತಿರುಗಿಸಿ. ಆಕಾಶ ಕಪ್ಪಾಗುತ್ತೆ, ಮತ್ತೆ ಬೆಳಗಾಗುತ್ತೆ. ಸೂರ್ಯನನ್ನ ಮಾತ್ರ ನೇರ ನೋಡ್ಬೇಡಿ.

ಯಾಕೆ ಹೀಗೆ? ಬೆಳಕು ಒಂದು ಅಲೆ. ಸೂರ್ಯನಿಂದ ಹೊರಟಾಗ ಅದರ ಕಂಪನಕ್ಕೆ ಇಂಥದ್ದೇ ದಿಕ್ಕು ಅಂತಿಲ್ಲ. ಗಾಳಿಯ ಅಣುಗಳಿಗೆ ತಾಗಿ ಚದುರಿದಾಗ ಒಂದು ದಿಕ್ಕಿನ ಕಂಪನ ಹೆಚ್ಚಾಗುತ್ತೆ. ಇದೇ ಧ್ರುವೀಕರಣ. ಸೂರ್ಯನಿಂದ 90 ಡಿಗ್ರಿ ಆಚೆ ಇದು ಅತಿ ಹೆಚ್ಚು.

ಇದನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋ ಒಂದು ದಾರಿ ಮಾಂಟೆ ಕಾರ್ಲೊ ವಿಧಾನ. ಫೋಟಾನ್‌ಗಳ ಲಕ್ಷಾಂತರ ಕಂತೆಗಳನ್ನ ಒಂದೊಂದಾಗಿ ವಾತಾವರಣದೊಳಕ್ಕೆ ಬಿಡ್ತೀವಿ. ಎಷ್ಟು ದೂರ ಹೋಗಿ ತಾಗುತ್ತೆ, ಯಾವ ಕಡೆ ತಿರುಗುತ್ತೆ ಅನ್ನೋದನ್ನ ದಾಳ ಉರುಳಿಸಿದ ಹಾಗೆ ರ‍್ಯಾಂಡಮ್ ಸಂಖ್ಯೆಗಳು ತೀರ್ಮಾನಿಸ್ತವೆ. ಪ್ರತಿ ಕಂತೆಯ ಜೊತೆ ನಾಲ್ಕು ಸಂಖ್ಯೆ ಇರುತ್ತೆ. ಮೊದಲನೆಯದು ಪ್ರಕಾಶ, ಉಳಿದ ಮೂರು ಕಂಪನದ ಲೆಕ್ಕ. ಇವೇ ಸ್ಟೋಕ್ಸ್ ಪ್ಯಾರಾಮೀಟರ್‌ಗಳು.

ನಾನು ಇದನ್ನ ಹೇಳಿದಾಗೆಲ್ಲ ಒಂದು ಪ್ರಶ್ನೆ ಬರುತ್ತೆ: ‘ನಮಗೆ ಪ್ರಕಾಶ ಒಂದೇ ಸಾಕು, ಉಳಿದ ಮೂರು ಬಿಟ್ರೆ ಏನಾಗುತ್ತೆ?’ ಲೆಕ್ಕ ಕೆಡುತ್ತೆ! ಬೆಳಕು ಎರಡನೇ ಸಲ ಚದುರುವಾಗ ಯಾವ ಕಡೆಗೆ ಎಷ್ಟು ಹೋಗುತ್ತೆ ಅನ್ನೋದು, ಮೊದಲ ಸಲ ಸಿಕ್ಕ ಕಂಪನದ ದಿಕ್ಕಿನ ಮೇಲೆ ನಿಂತಿದೆ. ಅದನ್ನ ಮರೆತರೆ, ಕೆಲವು ಕೋನಗಳಲ್ಲಿ ಪ್ರಕಾಶವೇ ಶೇ 10ರ ಹತ್ತಿರ ತಪ್ಪಾಗಬಹುದು.

ಅಷ್ಟೇನಾ ಅನ್ಬೇಡಿ. ಉಪಗ್ರಹಗಳು ಸಮುದ್ರದ ಬಣ್ಣ ನೋಡಿ, ಅಲ್ಲಿ ಸೂಕ್ಷ್ಮ ಸಸ್ಯಗಳು ಎಷ್ಟಿವೆ ಅಂತ ಅಂದಾಜು ಮಾಡ್ತವೆ. ಆದ್ರೆ ಅವಕ್ಕೆ ಸಿಗೋ ಬೆಳಕಲ್ಲಿ ಸುಮಾರು ಶೇ 90ರಷ್ಟು ವಾತಾವರಣದ್ದೇ. ಸಮುದ್ರದ ಸುದ್ದಿ ಇರೋದು ಉಳಿದ ಚೂರಲ್ಲಿ. ವಾತಾವರಣದ ಲೆಕ್ಕ ಶೇ 10ರಷ್ಟು ತಪ್ಪಿದ್ರೆ, ಆ ಸುದ್ದಿಯೇ ಮುಳುಗಿ ಹೋಗುತ್ತೆ.

ಈ ಗಣಿತಕ್ಕೆ ಗಟ್ಟಿ ಬುನಾದಿ ಹಾಕಿದವರು ಎಸ್. ಚಂದ್ರಶೇಖರ್. ಅವರ ‘ರೇಡಿಯೇಟಿವ್ ಟ್ರಾನ್ಸ್‌ಫರ್’ ಬಂದಿದ್ದು 1950ರಲ್ಲಿ. ಅದೇ ದಾರಿಯಲ್ಲಿ ಕೂಲ್ಸನ್, ದವೆ, ಸೆಕೆರಾ 1960ರಲ್ಲಿ ಕೋಷ್ಟಕಗಳನ್ನ ಪ್ರಕಟಿಸಿದ್ರು. ಹೊಸ ಪ್ರೋಗ್ರಾಂ ಬರೆದವರು ತಮ್ಮ ಉತ್ತರವನ್ನ ಅವುಗಳ ಜೊತೆ ತಾಳೆ ನೋಡೋದುಂಟು.

2024ರ ಫೆಬ್ರುವರಿಯಲ್ಲಿ ನಾಸಾ ಹಾರಿಸಿದ ‘ಪೇಸ್’ ಉಪಗ್ರಹದಲ್ಲಿ ಧ್ರುವೀಕರಣ ಅಳೆಯೋಕೇ ಎರಡು ಉಪಕರಣಗಳಿವೆ. ದೂಳು, ಹೊಗೆ ಕಣಗಳ ಗಾತ್ರ, ಗುಣವನ್ನ ಅವು ಬೆಳಕಿನ ಕಂಪನದಿಂದಲೇ ಪತ್ತೆ ಮಾಡ್ತವೆ. ಆ ಅಳತೆಗೆ ಅರ್ಥ ಕೊಡೋದು ಇಂಥ ಸಿಮ್ಯುಲೇಶನ್‌ಗಳೇ.

ಗ್ಲಾಸ್ ತಿರುಗಿಸಿ ನೋಡಿ, ಏನು ಕಾಣ್ತು ಅಂತ ನಮಗೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.